ಮನೆ ಎಲ್ಲಿ ಮಾಡೋಣ: ಮಹಾನಗರದೊಳಗೋ, ಅದರ ಅಂಚಿನಲ್ಲೋ?

(ಪಟ್ಟಣದ ಕುಟುಂಬಗಳಿಗಾಗಿ ಏರ್ಪಡಿಸಿದ್ದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನಮ್ಮಂತಹ ಪಟ್ಟಣಗಳ ಹಲವು ಮನೆಗಳಲ್ಲಿ ಬೆಂಗಳೂರಿನ ಮಾತು ಶುರುವಾಗುತ್ತದೆ. ಒಂದು ಮನೆಯಲ್ಲಿ ಮಗನಿಗೆ ಅಲ್ಲಿ ಕೆಲಸ ಸಿಕ್ಕಿರುತ್ತದೆ. ಇನ್ನೊಂದು ಮನೆಯವರು ತಮ್ಮ ವ್ಯಾಪಾರವನ್ನು ಅಲ್ಲಿಗೆ ವಿಸ್ತರಿಸಲು ಹೊರಟಿರುತ್ತಾರೆ. ಮತ್ತೊಂದು ಮನೆಯಲ್ಲಿ ಮಗಳ ಕಾಲೇಜಿನ ನೆಪದಲ್ಲಿ ಇಡೀ ಕುಟುಂಬವೇ ಹೋಗುವುದೆಂದು ತೀರ್ಮಾನವಾಗಿರುತ್ತದೆ. ಹೋಗಬೇಕೇ ಬೇಡವೇ ಎಂಬ ಬಗ್ಗೆ ಮನೆಯಲ್ಲಿ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಆದರೆ ಹೋಗಿ ಎಲ್ಲಿ ನೆಲೆಸಬೇಕು ಎಂಬ ಪ್ರಶ್ನೆ ಬಂದಾಗ ಬಾಡಿಗೆ ಎಷ್ಟು ಎಂದಷ್ಟೇ ಕೇಳಿ ಮಾತು ಮುಗಿಸಿಬಿಡುತ್ತೇವೆ. ನಗರದೊಳಗೆ ದುಬಾರಿ, ಹೊರವಲಯದಲ್ಲಿ ಅಗ್ಗ, ಆದ್ದರಿಂದ ಹೊರಗೇ ಇರೋಣ ಎಂದು ಕೆಲವರು ಹೇಳುತ್ತಾರೆ. ಎಷ್ಟೇ ಆಗಲಿ, ನಮ್ಮವರ ನಡುವೆಯೇ ಇರೋಣ ಎಂದು ಇನ್ನು ಕೆಲವರು ಹೇಳುತ್ತಾರೆ. ಈ ಎರಡೂ ಮಾತುಗಳಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಒಂದು ಕುಟುಂಬದ ಮುಂದಿನ ಹತ್ತು ವರ್ಷಗಳನ್ನು ನಿರ್ಧರಿಸಲು ಅಷ್ಟು ಸಾಲದು.

ಮೊದಲಿಗೆ ಬೆಂಗಳೂರಿನ ಹೊರವಲಯ ಎಂದರೆ ಯಾವುದು ಎಂದು ನೋಡೋಣ. ಆ ನಗರದ ಅಂಚು ಒಂದೇ ಕಡೆ ನಿಂತಿಲ್ಲ. ಯಲಹಂಕ, ಕೆಂಗೇರಿ, ಕೃಷ್ಣರಾಜಪುರಗಳು 2007ರವರೆಗೆ ತಮ್ಮದೇ ಪುರಸಭೆ, ನಗರಸಭೆಗಳಿದ್ದ ಬೇರೆ ಊರುಗಳಾಗಿದ್ದವು. ಆ ವರ್ಷ 7 ನಗರಸಭೆಗಳು, 1 ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಹೆಸರು ಬದಲಾಗುವಷ್ಟು ಬೇಗ ಸೌಕರ್ಯ ಬರುವುದಿಲ್ಲ. 2007ರಲ್ಲಿ ನಗರಕ್ಕೆ ಸೇರಿದ ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಂದರೆ ಹದಿನೇಳು ವರ್ಷಗಳ ಬಳಿಕ! ಆ ಹಳ್ಳಿಗಳು ನಗರಕ್ಕೆ ಸೇರಿದ ದಿನ ಅಲ್ಲಿ ಹುಟ್ಟಿದ ಮಗು ಅಷ್ಟರಲ್ಲಿ ಪಿಯುಸಿ ತಲುಪಿತ್ತು. ಆದ್ದರಿಂದ "ಇನ್ನೆರಡು ವರ್ಷದಲ್ಲಿ ಇಲ್ಲಿಗೆ ಎಲ್ಲವೂ ಬರುತ್ತದೆ" ಎಂದು ನಿವೇಶನ ಮಾರುವವನು ಹೇಳಿದಾಗ ಈ ಹದಿನೇಳು ವರ್ಷಗಳನ್ನು ನೆನಪಿಸಿಕೊಳ್ಳಿ.

ಎರಡನೆಯದಾಗಿ, ಹೊರವಲಯ ಎಂಬ ಒಂದೇ ಪದದಿಂದ ನಾವು ಎರಡು ಬೇರೆ ಬೇರೆ ಸ್ಥಳಗಳನ್ನು ಕರೆಯುತ್ತಿದ್ದೇವೆ. ಒಂದು, ಬೆಂಗಳೂರು ಬೆಳೆಯುವ ಮೊದಲೇ ತಾನಾಗಿ ಬೆಳೆದಿದ್ದ ಹಳೆಯ ಊರು. ಹೊಸಕೋಟೆ, ನೆಲಮಂಗಲ, ದೊಡ್ಡಬಳ್ಳಾಪುರ, ಆನೇಕಲ್, ರಾಮನಗರ, ಚನ್ನಪಟ್ಟಣ ಇಂಥವು. ಈ ಊರುಗಳಿಗೆ ತಮ್ಮದೇ ಸಂತೆ, ಬಸ್ ನಿಲ್ದಾಣ, ಸರಕಾರಿ ಶಾಲೆ, ಆಸ್ಪತ್ರೆ, ಮಸೀದಿ, ದೇವಸ್ಥಾನ, ಕಬರಸ್ತಾನಗಳಿವೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನಂಬಿ ನೂಲು ತೆಗೆಯುವ ಎಷ್ಟೋ ಮುಸ್ಲಿಮ್ ಕುಟುಂಬಗಳು ಬದುಕಿವೆ. ಚನ್ನಪಟ್ಟಣದ ಮರದ ಬೊಂಬೆಗಳಿಗೆ ಬಣ್ಣದ ಅರಗು ಲೇಪಿಸುವ ಕೈಗಳಲ್ಲಿ ನಮ್ಮವರ ಕೈಗಳೂ ಇವೆ. ಅಲ್ಲಿ ಹೋಗಿ ನೆಲೆಸುವವನು ಬೇರುಳ್ಳ ಒಂದು ಸಮಾಜಕ್ಕೆ ಸೇರುತ್ತಾನೆ. ಇನ್ನೊಂದು, ಮೊನ್ನೆಯವರೆಗೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಲ್ಲು ನೆಟ್ಟು, ಕಮಾನು ಕಟ್ಟಿ, ಹೆಸರಿಟ್ಟ ಬಡಾವಣೆ. ಅಲ್ಲಿ ಮನೆ ಇರುತ್ತದೆ, ಊರು ಇರುವುದಿಲ್ಲ. ಹಾಲು ತರಲೂ, ಜ್ವರಕ್ಕೆ ಮಾತ್ರೆ ತರಲೂ ಗಾಡಿ ಹೊರಡಿಸಬೇಕು. ಹೊರವಲಯದಲ್ಲಿ ಮನೆ ನೋಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಾವು ಹೋಗುತ್ತಿರುವುದು ಊರಿಗೋ, ಬಡಾವಣೆಗೋ?

ಇನ್ನು ನಗರದ ಒಳಭಾಗವನ್ನು ನೋಡೋಣ. ಶಿವಾಜಿನಗರ, ಟ್ಯಾನರಿ ರಸ್ತೆ, ಗೋರಿಪಾಳ್ಯ, ಪಾದರಾಯನಪುರಗಳಂತಹ ಕಡೆ ಹಲವು ಕುಟುಂಬಗಳು ಗಾಳಿ ಬೆಳಕಿಲ್ಲದ ಎರಡು ಕೋಣೆಗಳಿಗೆ ಶಕ್ತಿಮೀರಿದ ಬಾಡಿಗೆ ತೆರುತ್ತಿವೆ. ಮಕ್ಕಳಿಗೆ ಆಡಲು ಅಂಗಳವಿಲ್ಲ, ಓದಲು ಮೂಲೆಯಿಲ್ಲ. ಇಷ್ಟಾದರೂ ಜನ ಅಲ್ಲಿಂದ ಏಕೆ ಕದಲುವುದಿಲ್ಲ? ಅದನ್ನು ಮೂಢತನವೆಂದು ತಳ್ಳಿಹಾಕುವಂತಿಲ್ಲ. ಬೌರಿಂಗ್, ವಿಕ್ಟೋರಿಯಾದಂತಹ ಸರಕಾರಿ ಆಸ್ಪತ್ರೆಗಳು ಹತ್ತಿರವಿವೆ. ಜಯದೇವ ಹೃದ್ರೋಗ ಸಂಸ್ಥೆ, ಕಿದ್ವಾಯಿ, ನಿಮ್ಹಾನ್ಸ್‌ಗಳಿಗೆ ಒಂದೇ ಬಸ್ಸಿನಲ್ಲಿ ಅಥವಾ ಮೆಟ್ರೋದಲ್ಲಿ ಹೋಗಿ ಬರಬಹುದು. ದಿನಗೂಲಿ ಮಾಡುವವನಿಗೆ ಬೆಳಗ್ಗೆ ನಡೆದು ಹೋಗುವ ದೂರದಲ್ಲಿ ಕೆಲಸ ಸಿಗುತ್ತದೆ. ಗಂಡ ಕೆಲಸಕ್ಕೆ ಹೋದ ಮೇಲೆ ಹೆಂಡತಿ ಯಾರನ್ನೂ ಕಾಯದೆ ಅಂಗಡಿಗೆ, ಶಾಲೆಗೆ, ದವಾಖಾನೆಗೆ ಹೋಗಿ ಬರುತ್ತಾಳೆ. ಈ ಸೌಲಭ್ಯಗಳಿಗೆ ಒಂದು ಬೆಲೆ ಇದೆ. ಬಾಡಿಗೆಯಲ್ಲಿ ಅದೂ ಸೇರಿರುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳನ್ನು ಉದಾಹರಣೆಗಾಗಿ ಇಟ್ಟುಕೊಂಡಿದ್ದೇವೆ, ನಿಮ್ಮ ಮನೆಯ ಅಂಕಿಗಳನ್ನು ನೀವೇ ಹಾಕಿಕೊಳ್ಳಿ. ನಗರದೊಳಗೆ ಬಾಡಿಗೆ 20 ಸಾವಿರ, ಹೊರವಲಯದಲ್ಲಿ 12 ಸಾವಿರ. ಉಳಿತಾಯ 8 ಸಾವಿರ. ಕೆಲಸದ ಸ್ಥಳ ಹೊರವಲಯದ ಮನೆಯಿಂದ 25 ಕಿ.ಮೀ. ಹೋಗಿ ಬರಲು ದಿನಕ್ಕೆ 50 ಕಿ.ಮೀ., ತಿಂಗಳಿಗೆ 25 ದಿನವೆಂದರೆ 1,250 ಕಿ.ಮೀ. ಸ್ಕೂಟರು ಲೀಟರಿಗೆ 45 ಕಿ.ಮೀ. ಓಡಿದರೆ 28 ಲೀಟರ್ ಪೆಟ್ರೋಲು ಬೇಕು. ಲೀಟರಿಗೆ 100 ರೂಪಾಯಿ ಎಂದರೂ 2,800 ರೂ. ಇಬ್ಬರು ಮಕ್ಕಳ ಶಾಲಾ ವಾಹನಕ್ಕೆ 3 ಸಾವಿರ. ಸಂತೆಗೂ ವೈದ್ಯರ ಬಳಿಗೂ ಆಟೋದಲ್ಲಿ ಹೋಗಿ ಬರಲು ಒಂದು ಸಾವಿರ. ಒಟ್ಟು 6,800 ರೂ. ಉಳಿದದ್ದು 1,200 ರೂ. 2024ರ ಬೇಸಿಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತವು ಟ್ಯಾಂಕರ್ ನೀರಿಗೆ ದರ ನಿಗದಿಪಡಿಸಿದಾಗ 5 ಕಿ.ಮೀ. ಒಳಗಿನ 6 ಸಾವಿರ ಲೀಟರಿನ ಟ್ಯಾಂಕರಿಗೆ 600 ರೂಪಾಯಿ ಇತ್ತು. ಎರಡು ಟ್ಯಾಂಕರ್ ತರಿಸಿದರೆ ಆ ತಿಂಗಳ ಉಳಿತಾಯ ಅಲ್ಲಿಗೆ ಮುಗಿಯಿತು.

ಇದು ಹಣದ ಲೆಕ್ಕವಷ್ಟೇ. ಸಮಯದ ಲೆಕ್ಕ ಇನ್ನೂ ಕಠಿಣ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆಯಾದರೆ ತಿಂಗಳಿಗೆ 75 ಗಂಟೆಗಳು ರಸ್ತೆಯಲ್ಲೇ ಕಳೆಯುತ್ತವೆ. ನಗರದೊಳಗೆ ಅರ್ಧ ಗಂಟೆಯ ದೂರದಲ್ಲಿದ್ದವನಿಗೆ ಬೇಕಾದದ್ದು 25 ಗಂಟೆ. ವ್ಯತ್ಯಾಸ 50 ಗಂಟೆ. ಅಂದರೆ ಪ್ರತಿ ತಿಂಗಳೂ ಎರಡು ಹಗಲು, ಎರಡು ರಾತ್ರಿಗಿಂತ ಹೆಚ್ಚಿನ ಕಾಲ. ಮಕ್ಕಳು ಏಳುವ ಮೊದಲೇ ಹೊರಟು, ಅವರು ಮಲಗಿದ ಮೇಲೆ ಮನೆ ಸೇರುವ ತಂದೆ ಮಕ್ಕಳ ಪಾಲಿಗೆ ಭಾನುವಾರದ ಅತಿಥಿಯಾಗುತ್ತಾನೆ. ಮಕ್ಕಳಿಗಾಗಿಯೇ ದೊಡ್ಡ ಮನೆ ಮಾಡಿದೆವು ಎನ್ನುತ್ತೇವೆ. ಆ ಮನೆಯಲ್ಲಿ ತಂದೆ ಮಕ್ಕಳಿಗೆ ಸಿಗುವುದೇ ಇಲ್ಲ ಎಂದಾದರೆ ಏನು ಪ್ರಯೋಜನ?

ಈ ಹೊತ್ತಿನಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತೊಂದಿದೆ. ನಮ್ಮ ಬಹುತೇಕ ಮನೆಗಳಲ್ಲಿ ಎಲ್ಲಿ ನೆಲೆಸಬೇಕೆಂದು ತೀರ್ಮಾನಿಸುವವನು ಒಬ್ಬನಾದರೆ, ಆ ದೂರವನ್ನು ದಿನವೂ ಹೊರುವವರು ಬೇರೆಯವರು. ಗಂಡಸಿಗೆ ಗಾಡಿ ಇದೆ, ದಾರಿ ಇದೆ, ಕೆಲಸದ ಸ್ಥಳದಲ್ಲಿ ಗೆಳೆಯರಿದ್ದಾರೆ. ಹೊಸ ಬಡಾವಣೆಯ ಕೊನೆಯ ಮನೆಯಲ್ಲಿ ಹೆಂಡತಿ ಬೆಳಗ್ಗಿನಿಂದ ರಾತ್ರಿಯವರೆಗೆ ಒಬ್ಬಳೇ ಇರುತ್ತಾಳೆ. ವಯಸ್ಸಾದ ತಾಯಿಗೆ ಮಾತನಾಡಲು ನೆರೆಯವರಿಲ್ಲ. ತಂದೆಗೆ ನಡೆದು ಹೋಗಿ ನಮಾಝ್ ಮಾಡಿ ಬರಲು ಮಸೀದಿ ಇಲ್ಲ. ರಾತ್ರಿ ಎದೆನೋವು ಬಂದರೆ ಗಾಡಿ ಸಿಗುವುದು ಯಾವಾಗ, ಆಸ್ಪತ್ರೆ ತಲುಪುವುದು ಯಾವಾಗ?

ಎಲ್ಲಕ್ಕಿಂತ ಹೆಚ್ಚಿನ ಬೆಲೆ ತೆರುವವಳು ಮಗಳು. ಮಗನಿಗೆ ಕಾಲೇಜು ದೂರವಾದರೆ ಬೈಕ್ ಕೊಡಿಸುತ್ತೇವೆ. ಮಗಳಿಗೆ ಕಾಲೇಜು ದೂರವಾದರೆ "ಬಸ್ ಸರಿಯಿಲ್ಲ, ಕತ್ತಲಾಗುತ್ತದೆ, ಸಾಕು ಬಿಡು" ಎನ್ನುತ್ತೇವೆ. ಯಾರೂ ಅವಳ ಓದನ್ನು ನಿಲ್ಲಿಸಬೇಕೆಂದು ಬಯಸಿರುವುದಿಲ್ಲ. ಆದರೆ ಮನೆ ಮಾಡುವಾಗ ಪಿಯು ಕಾಲೇಜು ಎಷ್ಟು ದೂರ ಎಂದು ಯಾರೂ ಕೇಳದೇ ಇದ್ದುದರಿಂದ ಅವಳ ಓದು ನಿಂತುಹೋಗುತ್ತದೆ. ಎರಡು ದಶಕಗಳಿಂದ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ವೇದಿಕೆಗಳಿಂದ ಕರೆ ನೀಡುತ್ತಾ ಬಂದಿರುವ ಸಮುದಾಯವು ಅಗ್ಗದ ಬಾಡಿಗೆಗಾಗಿ ಆ ಶಿಕ್ಷಣವನ್ನು ಬಿಟ್ಟುಕೊಡುವುದು ಸರಿಯೇ? ಮನೆ ಹುಡುಕಲು ಹೊರಟವರು ಮಗಳ ಈಗಿನ ತರಗತಿಯನ್ನು ನೋಡಿದರೆ ಸಾಲದು. ಐದು ವರ್ಷಗಳ ಬಳಿಕ ಅವಳು ಎಲ್ಲಿ ಓದುತ್ತಾಳೆ, ಅಲ್ಲಿಗೆ ಹೇಗೆ ಹೋಗುತ್ತಾಳೆ ಎಂಬುದನ್ನೂ ನೋಡಬೇಕು.

ಇಷ್ಟು ಕೇಳಿ, ಹೊರವಲಯ ಬೇಡವೇ ಬೇಡ ಎಂದು ನಾವು ಹೇಳುತ್ತಿದ್ದೇವೆಂದು ಭಾವಿಸಬೇಡಿ. ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ ಗಂಟೆಯಲ್ಲಿ ಅಳೆಯಿರಿ ಎನ್ನುತ್ತಿದ್ದೇವೆ. 2023ರ ಅಕ್ಟೋಬರ್‌ನಿಂದ ಮೆಟ್ರೋದ ನೇರಳೆ ಮಾರ್ಗವು ವೈಟ್‌ಫೀಲ್ಡ್‌ನಿಂದ ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ ಓಡುತ್ತಿದೆ. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗವು ತುಮಕೂರು ರಸ್ತೆಯ ಮಾದಾವರವನ್ನು ತಲುಪಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗವು ಬೊಮ್ಮಸಂದ್ರವನ್ನು ತಲುಪಿತು. ಈ ನಿಲ್ದಾಣಗಳಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಮಾಡಿದವನು ನಗರದ ನಡುವೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವನಿಗಿಂತ ಬೇಗ ಕೆಲಸಕ್ಕೆ ತಲುಪಬಹುದು. ಆದರೆ ದರವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ರಾಮನಗರ ಮತ್ತು ತುಮಕೂರಿನಿಂದ ರೈಲಿನಲ್ಲಿ ದಿನವೂ ಬಂದು ಹೋಗುವವರಿದ್ದಾರೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಪ್ರಯಾಣಿಸಬಹುದಾದ್ದರಿಂದ, ಬಸ್ ಸಂಪರ್ಕವಿರುವ ಊರು ಹೆಣ್ಣುಮಕ್ಕಳ ಓದಿಗೂ ದುಡಿಮೆಗೂ ಒಂದು ಆಸರೆ. ಹಾಗೆಯೇ 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕ್ ಮತ್ತು ಆಟೋಗಳಿಗೆ ಪ್ರವೇಶ ನಿರ್ಬಂಧಿಸಲಾಯಿತು ಎಂಬುದೂ ನೆನಪಿರಲಿ. ಕಾರಿನವನಿಗೆ ಹತ್ತಿರವಾದ ಊರು ಬೈಕಿನವನಿಗೆ ಅಷ್ಟು ಹತ್ತಿರವಾಗದು. ಒಟ್ಟಿನಲ್ಲಿ, ಮುಂದೆ ಬರಲಿರುವ ರೈಲನ್ನು ನಂಬಿ ಮನೆ ಮಾಡಬೇಡಿ. ಇಂದು ಓಡುತ್ತಿರುವುದನ್ನು ನೋಡಿ ಮಾಡಿ.

ನೀರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಬೆಂಗಳೂರಿಗೆ ಕಾವೇರಿ ನೀರು ಸುಮಾರು ನೂರು ಕಿ.ಮೀ. ದೂರದಿಂದ, ತಗ್ಗಿನಿಂದ ಎತ್ತರಕ್ಕೆ ಪಂಪ್ ಆಗಿ ಬರಬೇಕು. ಕೊಳವೆ ತಲುಪದ ಕಡೆ ಕೊಳವೆಬಾವಿಯೇ ಗತಿ. 2024ರ ಮಾರ್ಚ್‌ನಲ್ಲಿ ಸರಕಾರವೇ ತಿಳಿಸಿದಂತೆ ನಗರದ ಸುಮಾರು 14 ಸಾವಿರ ಸರಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿಹೋಗಿದ್ದವು. ಮಳೆಗಾಲದ ಅಪಾಯ ಬೇರೆಯೇ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳೂ ನೀರಿನಲ್ಲಿ ನಿಂತವು. ಕೆರೆಯ ಅಂಗಳದಲ್ಲಿ, ರಾಜಕಾಲುವೆಯ ದಾರಿಯಲ್ಲಿ ಕಟ್ಟಿದ ಮನೆಗೆ ನೀರು ತನ್ನ ಹಳೆಯ ಹಾದಿ ಹುಡುಕಿ ಬರುತ್ತದೆ. ಆದ್ದರಿಂದ ಮನೆಯನ್ನು ಒಮ್ಮೆ ಏಪ್ರಿಲ್‌ನಲ್ಲೂ ಒಮ್ಮೆ ದೊಡ್ಡ ಮಳೆಯ ಮರುದಿನವೂ ಹೋಗಿ ನೋಡಬೇಕು. ಹೋದಾಗ ಅಕ್ಕಪಕ್ಕದ ಮನೆಯ ಹೆಂಗಸರನ್ನು ಕೇಳಿಸಿ. ಮನೆ ತೋರಿಸುವ ದಲ್ಲಾಳಿಗಿಂತ ಅವರು ನಿಜ ಹೇಳುತ್ತಾರೆ.

ಬಾಡಿಗೆ ಬಿಟ್ಟು ನಿವೇಶನ ಕೊಳ್ಳಲು ಹೊರಟವರಿಗೆ ಇನ್ನೊಂದು ಮಾತು. ಗಲ್ಫಿನಲ್ಲಿ ಬಿಸಿಲಿಗೆ ಬೆಂದು ಉಳಿಸಿದ ಹಣ, ಹೆಂಡತಿಯ ಚಿನ್ನ, ಊರಿನ ತೋಟ ಮಾರಿದ ಹಣ ಎಲ್ಲವೂ ಒಂದು ಕಾಗದದ ಮೇಲೆ ಹೋಗುತ್ತದೆ. ಆ ಕಾಗದ ಯಾವುದು? ಕೃಷಿ ಜಮೀನಾಗಿದ್ದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಅದು ಭೂಪರಿವರ್ತನೆಯಾಗಿದೆಯೇ? ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇದೆಯೇ? ಪಂಚಾಯತಿಯಲ್ಲಿ ಖಾತೆಯಾಗಿದೆ ಎಂದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ. ಬಿ ಖಾತಾವು ತೆರಿಗೆ ಕಟ್ಟಲು ದಾಖಲೆಯಾದೀತೇ ಹೊರತು ಅನುಮೋದನೆಯ ಸ್ಥಾನದಲ್ಲಿ ನಿಲ್ಲದು. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಬಡಾವಣೆಯನ್ನು ಮಾರಾಟಕ್ಕೆ ಇಡುವ ಮೊದಲು 2016ರ ರೇರಾ ಕಾಯ್ದೆಯಡಿ ನೋಂದಾಯಿಸಬೇಕು. ಆ ನೋಂದಣಿ ಸಂಖ್ಯೆಯನ್ನು ಕೇಳಿ, ಪ್ರಾಧಿಕಾರದ ಜಾಲತಾಣದಲ್ಲಿ ನೋಡಿ. ಮೂಲ ಪತ್ರ, ಪಹಣಿ, ಋಣಭಾರ ಪ್ರಮಾಣಪತ್ರಗಳನ್ನು ವಕೀಲರಿಗೆ ತೋರಿಸಿ. ಮಾರುವವನು ನಮ್ಮವನು, ಗಡ್ಡವಿದೆ, ಮಸೀದಿಗೆ ದೇಣಿಗೆ ಕೊಟ್ಟಿದ್ದಾನೆ ಎಂಬುದು ದಾಖಲೆಯಲ್ಲ.

ಬೆಂಗಳೂರಿನಲ್ಲಿ ನಮ್ಮವರ ನಡುವೆ ಬಹಳ ರೂಢಿಯಲ್ಲಿರುವ ಲೀಸ್ ಅಥವಾ ಭೋಗ್ಯದ ಮನೆಯ ಬಗ್ಗೆಯೂ ಎಚ್ಚರಿಸಬೇಕಾಗಿದೆ. ಹತ್ತಾರು ಲಕ್ಷ ಒಟ್ಟಿಗೆ ಕೊಟ್ಟು ಬಾಡಿಗೆಯಿಲ್ಲದೆ ಇರುವ ಈ ಪದ್ಧತಿಯ ಧಾರ್ಮಿಕ ವಿಧಿಯನ್ನು ವಿದ್ವಾಂಸರಲ್ಲಿ ಕೇಳಿ. ಲೌಕಿಕ ಅಪಾಯವನ್ನು ನಾವು ಹೇಳುತ್ತೇವೆ. ಮಾಲಕನು ಅದೇ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟು ಕಂತು ಕಟ್ಟದಿದ್ದರೆ, ಮನೆ ಹರಾಜಿಗೆ ಬಂದಾಗ ನಿಮ್ಮ ಹಣಕ್ಕಾಗಿ ನೀವು ವರ್ಷಗಟ್ಟಲೆ ಅಲೆಯಬೇಕಾದೀತು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಲೀಸ್ ಕರಾರನ್ನು ಕಾನೂನಿನಂತೆ ನೋಂದಾಯಿಸಲೇಬೇಕು. ಛಾಪಾಕಾಗದದ ಮೇಲೆ ಸಹಿ ಹಾಕಿಸಿಕೊಂಡು ನೆಮ್ಮದಿಯಾಗಿರುವುದು ಸರಿಯಲ್ಲ.

ಇನ್ನು ನೆರೆಹೊರೆಯ ವಿಷಯ. ಮುಸ್ಲಿಮ್ ಹೆಸರು ಕೇಳಿದ ಕೂಡಲೇ "ಮನೆ ಕೊಟ್ಟಾಗಿದೆ" ಎನ್ನುವ ಮಾಲಕರಿದ್ದಾರೆ. ಇದು ನಮ್ಮ ಯುವಕರ ನಿತ್ಯದ ಅನುಭವ. ಭಯ ಮತ್ತು ಅಭದ್ರತೆಯಿಂದ ಮುಸ್ಲಿಮರು ಒಂದೇ ಕಡೆ ಒತ್ತಾಗಿ ನೆಲೆಸುವುದನ್ನೂ, ಮನೆ ಬಾಡಿಗೆಗೆ ಪಡೆಯುವಾಗ ಮತ್ತು ಕೊಳ್ಳುವಾಗ ಎದುರಾಗುವ ತಾರತಮ್ಯವನ್ನೂ, ಅಂತಹ ಕೇರಿಗಳು ಮೂಲಸೌಕರ್ಯಗಳಲ್ಲಿ ಹಿಂದುಳಿಯುವುದನ್ನೂ 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿತು. ಈ ಅನ್ಯಾಯವನ್ನು ಪ್ರಶ್ನಿಸಲೇಬೇಕು. ಆದರೆ ಅದಕ್ಕೆ ಉತ್ತರವಾಗಿ ಹೊರವಲಯದಲ್ಲಿ "ನಮ್ಮವರದೇ ಬಡಾವಣೆ" ಕಟ್ಟಿಕೊಂಡು ಗೋಡೆಯೊಳಗೆ ಕುಳಿತರೆ, ನಗರದೊಳಗಿನ ಕೇರಿಯನ್ನೇ ಹೊಲಕ್ಕೆ ಸಾಗಿಸಿದಂತಾಗುತ್ತದೆ. ನೆರೆಯವನ ಹಕ್ಕಿನ ಬಗ್ಗೆ ಇಸ್ಲಾಮ್ ಹೇಳಿರುವಾಗ ಆ ನೆರೆಯವನು ಮುಸ್ಲಿಮನೇ ಆಗಿರಬೇಕೆಂಬ ಷರತ್ತನ್ನು ಹಾಕಿಲ್ಲ. ಮಸೀದಿ ನಡೆದು ಹೋಗುವಷ್ಟು ಹತ್ತಿರ ಇರಲಿ, ಕಬರಸ್ತಾನಕ್ಕೆ ಜಾಗವಿದೆಯೇ ಎಂದು ಮೊದಲೇ ವಿಚಾರಿಸಿರಲಿ. ಇವು ನ್ಯಾಯವಾದ ಅಗತ್ಯಗಳು. ಪಕ್ಕದ ಮನೆಯಲ್ಲಿ ಗೌಡರೋ, ಶೆಟ್ಟರೋ, ಡಿಸೋಜರೋ ಇರಲಿ. ಹಬ್ಬದ ತಟ್ಟೆ ಅತ್ತಿತ್ತ ಹೋಗಲಿ. ಕಷ್ಟದ ರಾತ್ರಿ ಬಾಗಿಲು ತಟ್ಟಿದರೆ ತೆರೆಯುವವರು ಅವರೇ.

ಹಾಗಾದರೆ ಯಾರು ಎಲ್ಲಿ ನೆಲೆಸಬೇಕು? ಮನೆಯಲ್ಲಿ ದೀರ್ಘ ಕಾಯಿಲೆಯವರಿದ್ದರೆ, ದಿನಗೂಲಿಯೇ ಆಧಾರವಾಗಿದ್ದರೆ, ಮಗಳು ಕಾಲೇಜಿನ ಹೊಸ್ತಿಲಲ್ಲಿದ್ದರೆ ಸಣ್ಣ ಮನೆಯಾದರೂ ನಗರದೊಳಗೇ ಇರುವುದು ಮೇಲು. ಕೆಲಸ ಹೊರವಲಯದ ಕಾರ್ಖಾನೆ, ಕಚೇರಿಗಳಲ್ಲೇ ಇದ್ದರೆ, ಮಕ್ಕಳು ಚಿಕ್ಕವರಾಗಿದ್ದರೆ, ರೈಲು ಅಥವಾ ಬಸ್ಸಿನ ದಾರಿಯಲ್ಲಿ ಹಳೆಯ ಊರೊಂದು ಸಿಕ್ಕರೆ ಅಲ್ಲಿ ನೆಲೆಸುವುದು ಒಳ್ಳೆಯದು. ಎರಡೂ ಕಡೆಯ ಸೌಕರ್ಯವಿಲ್ಲದ ಒಂಟಿ ಬಡಾವಣೆಗೆ, ಎಷ್ಟೇ ಅಗ್ಗವಾಗಿದ್ದರೂ, ಕುಟುಂಬವನ್ನು ಕರೆದೊಯ್ಯಬೇಡಿ. ಎಲ್ಲೇ ಆದರೂ ಮೊದಲ ವರ್ಷ ಬಾಡಿಗೆಗೆ ಇದ್ದು ನೋಡಿ, ಆಮೇಲೆ ಕೊಳ್ಳಿ. ಮುಂಗಡ ಕೊಡುವ ಮೊದಲು ಒಂದು ಸೋಮವಾರ ಬೆಳಗ್ಗೆ ಎಂಟಕ್ಕೆ ಆ ಮನೆಯ ಬಾಗಿಲಿನಿಂದ ಕೆಲಸದ ಸ್ಥಳದವರೆಗೆ ನೀವೇ ಒಮ್ಮೆ ಹೋಗಿ ಬನ್ನಿ.

ನಮ್ಮ ಜಮಾಅತ್‌ಗಳಿಗೂ ಒಂದು ವಿನಂತಿಯಿದೆ. ಈ ಊರಿನಿಂದ ಈಗಾಗಲೇ ಹೋಗಿ ನೆಲೆಸಿದವರ ಪಟ್ಟಿಯನ್ನು ಇಟ್ಟುಕೊಳ್ಳಿ. ಯಾವ ಪ್ರದೇಶದಲ್ಲಿ ಯಾವ ಶಾಲೆಯಿದೆ, ನೀರು ಹೇಗಿದೆ, ದಾಖಲೆ ಪರಿಶೀಲಿಸುವ ನಂಬಿಗಸ್ತ ವಕೀಲರು ಯಾರು ಎಂಬುದನ್ನು ಹೊಸದಾಗಿ ಹೋಗುವವರಿಗೆ ತಿಳಿಸುವ ಏರ್ಪಾಡು ಮಾಡಿ. ಇದಕ್ಕೆ ಕಟ್ಟಡವೂ ಬೇಡ, ನಿಧಿಯೂ ಬೇಡ.

ಕೊನೆಯದಾಗಿ, ಇಸ್ಲಾಮ್ ನಮಗೆ ಕಲಿಸಿದ ಸಮಾಲೋಚನೆ ಮಸೀದಿಯ ಸಮಿತಿಗೆ ಮಾತ್ರ ಸೀಮಿತವಲ್ಲ, ಮನೆಗೂ ಅದು ಬೇಕು. ಸ್ಥಳಾಂತರದ ಯೋಚನೆಯಲ್ಲಿರುವವರು ಇಂದು ರಾತ್ರಿ ಊಟದ ನಂತರ ಎಲ್ಲರನ್ನೂ ಕೂರಿಸಿಕೊಳ್ಳಿ. ತಾಯಿಯನ್ನು ಕೇಳಿ, ಹೆಂಡತಿಯನ್ನು ಕೇಳಿ, ಮಗಳನ್ನು ಮರೆಯದೆ ಕೇಳಿ. ದೂರವನ್ನು ಹೊರಬೇಕಾದವರ ಒಪ್ಪಿಗೆ ಪಡೆದು ಮಾಡಿದ ಮನೆ ನಗರದೊಳಗಿದ್ದರೂ ಅದರ ಅಂಚಿನಲ್ಲಿದ್ದರೂ ನೆಮ್ಮದಿಯ ಮನೆಯಾದೀತು. ಅಲ್ಲಾಹನು ನಮ್ಮೆಲ್ಲರ ಮನೆಗಳಲ್ಲಿ ಶಾಂತಿಯನ್ನು ಕರುಣಿಸಲಿ.